ಹಂದಿ ಬಿಟ್ಟು ಪಕ್ಕದ ಮನೆಯವನ ಬೇಟೆ

ಮಲೆನಾಡಿನ ಊರುಗಳಲ್ಲಿ ಒಬ್ಬನ ಮೇಲೆ ಹಗೆ ತೀರಿಸಿಕೊಳ್ಳಲು ಈಗ ಮಾಟ ಮಾಡಿಸಬೇಕಿಲ್ಲ, ಬೇಲಿ ಕೀಳಬೇಕಿಲ್ಲ, ಕೋರ್ಟಿಗೆ ಅಲೆಯಬೇಕಿಲ್ಲ. ರಾತ್ರಿ ಎಂಟು ಗಂಟೆಗೆ ರೇಂಜ್ ಆಫೀಸಿಗೆ ಒಂದು ಫೋನ್ ಹಾಕಿ, "ಇಂಥವನ ಮನೆಯಲ್ಲಿ ಕಾಡುಪ್ರಾಣಿ ಮಾಂಸ ಬೇಯ್ತಾ ಇದೆ" ಅಂದರೆ ಸಾಕು. ನಿಮ್ಮ ಹೆಸರು ಹೇಳಬೇಕಿಲ್ಲ. ಒಂಬತ್ತೂವರೆಗೆ ಜೀಪು ಬರುತ್ತದೆ. ಆಮೇಲೆ ನೀವು ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದರಾಯಿತು.

ಹೀಗೆ ಫೋನ್ ಮಾಡುವವನು ಕಾಡಿನ ಮೇಲೆ ಪ್ರೀತಿ ಉಕ್ಕಿ ಮಾಡುತ್ತಾನೆ ಅಂದುಕೊಳ್ಳಬೇಡಿ. ಬಹಳ ಸಲ ಅವನೂ ಶಿಕಾರಿಯವನೇ. ಹೋದ ಮಳೆಗಾಲದವರೆಗೂ ಇವನ ಜೊತೆಯಲ್ಲೇ ಹಳು ನುಗ್ಗಿದವನು, ಒಂದೇ ಕೋವಿಯ ಪಾಲು ತಿಂದವನು. ನಡುವೆ ಗಡಿಕಲ್ಲಿನ ಜಗಳ ಬಂತು, ಇಲ್ಲವೇ ಪಂಚಾಯಿತಿ ಚುನಾವಣೆ ಬಂತು, ಇಲ್ಲವೇ ಪಾಲು ಹಂಚುವಾಗ ತೊಡೆ ಯಾರಿಗೆ ಅನ್ನುವ ಮಾತು ಬಂತು. ಈಗ ಅವನು ಸಜ್ಜನ, ಇವನು ಕಾಡುಗಳ್ಳ.

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಟೆಯ ಪರ ಬರೆಯುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ, ಅದು ಅಪರಾಧವಾಗಿಯೇ ಇರಲಿ. ಉರುಳಿಗೆ ಸಿಕ್ಕಿ ಸೊಂಟ ಕತ್ತರಿಸಿಕೊಂಡು ಸತ್ತ ಚಿರತೆ, ಸಿಡಿಮದ್ದು ಕಚ್ಚಿ ದವಡೆ ಹಾರಿಹೋದ ಹಂದಿ, ಮೇಯಲು ಹೋಗಿ ಅದೇ ಮದ್ದು ಕಚ್ಚಿದ ಹಸು, ಇವನ್ನು ನೋಡಿದವರಿಗೆ ಬೇಟೆ ಅಂದರೆ ಗಂಡಸ್ತನದ ಕಥೆ ಅನ್ನಿಸುವುದಿಲ್ಲ. ನನ್ನ ತಕರಾರು ಬೇರೆ. ಸುಳ್ಳು ದೂರು ಕೊಡುವವನು ಕಾಡನ್ನು ಕಾಯುತ್ತಿಲ್ಲ. ನಿಜವಾದ ಕಳ್ಳನಿಗೆ ರಾತ್ರಿಯೆಲ್ಲ ದಾರಿ ಬಿಟ್ಟುಕೊಡುತ್ತಿದ್ದಾನೆ. ಒಂದು ರೇಂಜಿನಲ್ಲಿ ಇರುವ ಗಾರ್ಡು, ವಾಚರುಗಳೇ ಕೆಲವರು. ಅವರು ನಿಮ್ಮ ಪಕ್ಕದ ಮನೆಯ ಪಾತ್ರೆ ಮುಚ್ಚಳ ತೆಗೆದು ಮೂಸುತ್ತಿರುವ ಹೊತ್ತಿಗೆ ಇನ್ನೊಂದು ಕಡೆ ಉರುಳು ಕಟ್ಟುವವನು ಆರಾಮಾಗಿ ಕಟ್ಟುತ್ತಾನೆ. ಆ ಉರುಳಿನವನೇ ಫೋನ್ ಮಾಡಿ ಜೀಪನ್ನು ಈ ಕಡೆ ಕಳಿಸಿದ್ದರೂ ಆಶ್ಚರ್ಯವಿಲ್ಲ.

ಸುಳ್ಳು ದೂರು ಇಷ್ಟು ಸಲೀಸಾಗಿ ಯಾಕೆ ನಡೆಯುತ್ತದೆ? ಕಾನೂನಿನ ಬಲೆ ಹೇಗಿದೆ ಅಂತ ಗೊತ್ತಿದ್ದವರಿಗೆ ಉತ್ತರ ಗೊತ್ತು. ಕಳ್ಳತನದ ಕೇಸಿನಲ್ಲಿ ನೀವು ಕದ್ದಿರಿ ಅಂತ ಸರ್ಕಾರ ಸಾಬೀತು ಮಾಡಬೇಕು. ವನ್ಯಜೀವಿ ಕಾಯ್ದೆಯಲ್ಲಿ 57ನೇ ಕಲಂ ಅಂತ ಒಂದಿದೆ. ಕಾಡುಪ್ರಾಣಿಯ ಮಾಂಸವೋ ಚರ್ಮವೋ ಕೊಂಬೋ ನಿಮ್ಮ ವಶದಲ್ಲಿ ಇತ್ತು ಅನ್ನುವುದು ಸಾಬೀತಾದರೆ, ಅದು ಅಕ್ರಮ ಅಂತಲೇ ಕೋರ್ಟು ಮೊದಲು ಅಂದುಕೊಳ್ಳುತ್ತದೆ. ಅಲ್ಲ ಅಂತ ತೋರಿಸುವ ಹೊರೆ ನಿಮ್ಮದು. ದೊಡ್ಡ ಕಳ್ಳಸಾಗಣೆದಾರರನ್ನು ಹಿಡಿಯಲು ಇಂಥ ಕಲಂ ಬೇಕು, ಒಪ್ಪೋಣ. ಆದರೆ ನಿಮ್ಮ ಕೊಟ್ಟಿಗೆಯ ಅಟ್ಟದ ಮೇಲೆ ಯಾರೋ ರಾತ್ರಿ ಒಂದು ಪ್ಲಾಸ್ಟಿಕ್ ಚೀಲ ಇಟ್ಟು ಹೋದರೆ? ಕೊಟ್ಟಿಗೆಗೆ ಬೀಗ ಹಾಕುವವರು ನಮ್ಮಲ್ಲಿ ಯಾರಿದ್ದಾರೆ ಸ್ವಾಮಿ?

ಶಿಕ್ಷೆಯೂ ಸಣ್ಣದಲ್ಲ. ಒಂದನೇ ಶೆಡ್ಯೂಲಿನ ಪ್ರಾಣಿಯಾದರೆ, ಅಥವಾ ಅಭಯಾರಣ್ಯದ ಒಳಗೆ ಬೇಟೆಯಾಡಿದ್ದು ಅಂತಾದರೆ, ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ಅದರ ಜೊತೆ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಬೇಟೆಗೆ ಬಳಸಿದ್ದು ಅಂತ ಕೋವಿ ಹೋಗುತ್ತದೆ, ಬೈಕೋ ಜೀಪೋ ಇದ್ದರೆ ಅದೂ ಹೋಗುತ್ತದೆ. ಜೈಲಾಗದ ಕೇಸಿನಲ್ಲೂ ಜಪ್ತಿಯಾದ ಬೈಕು ಮಳೆಯಲ್ಲಿ ನೆನೆಯುತ್ತ ರೇಂಜ್ ಆಫೀಸಿನ ಅಂಗಳದಲ್ಲಿ ತುಕ್ಕು ಹಿಡಿಯುತ್ತದೆ. ಹಾಲು ಹಾಕಲು ಡೇರಿಗೆ ಹೋಗುವ ಬೈಕು ಅದು.

ಇನ್ನು "ಮತ್ತಿತರರು" ಅನ್ನುವ ಪದದ ಬಗ್ಗೆ ಹೇಳಲೇಬೇಕು. ನಾನು ನೋಡಿದ ಬೇಟೆ ಕೇಸುಗಳ ಎಫ್‌ಒಸಿ ಪ್ರತಿಗಳಲ್ಲಿ ಒಬ್ಬನ ಹೆಸರು, ತಂದೆಯ ಹೆಸರು, ವಯಸ್ಸು ಬರೆದು ಕೊನೆಗೆ "ಮತ್ತಿತರರು ತಪ್ಪಿಸಿಕೊಂಡಿರುತ್ತಾರೆ" ಅಂತ ಇರುತ್ತದೆ. ಆ ಖಾಲಿ ಜಾಗವೇ ನಮ್ಮೂರುಗಳ ದೊಡ್ಡ ಉರುಳು. ಸಿಕ್ಕಿಬಿದ್ದವನನ್ನು ಕೂರಿಸಿ "ಜೊತೆಗೆ ಯಾರ್‍ಯಾರಿದ್ದರು?" ಅಂತ ಕೇಳುತ್ತಾರೆ. ಅವನು ತನ್ನ ಭಾವನ ಹೆಸರು ಹೇಳುತ್ತಾನಾ? ಅಣ್ಣನ ಮಗನ ಹೆಸರು ಹೇಳುತ್ತಾನಾ? ತನಗೆ ಆಗದವನ ಹೆಸರು ಹೇಳುತ್ತಾನೆ. ನಿಜವಾಗಿ ಜೊತೆಗಿದ್ದ ಮೂವರು ಮನೆಯಲ್ಲಿ ಮಲಗಿರುತ್ತಾರೆ, ಅಂದು ತೋಟಕ್ಕೆ ಸ್ಪ್ರಿಂಕ್ಲರ್ ತಿರುಗಿಸಲು ಹೋಗಿದ್ದವನು ಎರಡನೇ ಆರೋಪಿಯಾಗುತ್ತಾನೆ. ಆಮೇಲೆ ಅವನಿಗಾಗಿ ಯಾರು ಸಾಕ್ಷಿ ಹೇಳಬೇಕು? ನಿಜ ಗೊತ್ತಿರುವವರೆಲ್ಲ ಆ ರಾತ್ರಿ ಕಾಡಿನಲ್ಲಿದ್ದವರೇ. "ಇವನು ನಮ್ಮ ಜೊತೆ ಇರಲಿಲ್ಲ" ಅನ್ನಲು "ನಾವು ಇದ್ದೆವು" ಅನ್ನಬೇಕಾಗುತ್ತದೆ. ಹಾಗಾಗಿ ಊರಿಗೆ ಊರೇ ಬಾಯಿ ಮುಚ್ಚಿಕೊಳ್ಳುತ್ತದೆ. ಶಿಕಾರಿಯವರ ನಡುವೆ ಸುಳ್ಳು ಆರೋಪ ಇಷ್ಟು ಚೆನ್ನಾಗಿ ಫಲಿಸುವುದಕ್ಕೆ ಕಾರಣ ಇದು, ಎಲ್ಲರ ಬಳಿಯೂ ಮುಚ್ಚಿಡಲು ಏನೋ ಒಂದಿದೆ. ಹಿಂದೆ ಕೊಡಗಿನಲ್ಲಿ ಬಿದ್ದ ಪ್ರಾಣಿಯನ್ನು ಓಡಿಹೋಗಿ ಮುಟ್ಟಿದವನಿಗೂ ಪಾಲು ಕೊಡುವ ಪದ್ಧತಿ ಇತ್ತಂತೆ. ಈಗ ಮುಟ್ಟದೇ ಇದ್ದವನಿಗೂ ಪಾಲು ಸಿಗುತ್ತಿದೆ, ಕೇಸಿನ ಪಾಲು.

ಮಾಂಸದ ವಿಷಯಕ್ಕೆ ಬರೋಣ, ಇಡೀ ಕೇಸು ನಿಲ್ಲುವುದು ಬೀಳುವುದು ಅದರ ಮೇಲೆ. ಬೇಯಿಸಿದ ಮಾಂಸ ನೋಡಿ ಇದು ಕಾಡುಕುರಿಯೋ ಊರ ಕುರಿಯೋ ಅಂತ ಹೇಳಬಲ್ಲೆ ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಕೋರ್ಟಿಗೆ ಅದು ಸಾಲದು, ಸಾಲಬಾರದು. ತುಣುಕನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಬೇಕು. ಹೈದರಾಬಾದಿನ ಸಿಸಿಎಂಬಿ, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯಂಥ ಕಡೆ ಈ ಪರೀಕ್ಷೆ ಆಗುತ್ತದೆ. ಜಿಂಕೆಯೋ ಮೇಕೆಯೋ ಅನ್ನುವುದು ಅಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಆದರೆ ನಮ್ಮ ಕಡೆ ಅತಿ ಹೆಚ್ಚು ದೂರು ಬರುವುದು ಹಂದಿಯ ಮೇಲೆ, ಅಲ್ಲಿದೆ ತಮಾಷೆ. ಕಾಡುಹಂದಿ ಮತ್ತು ಸಾಕುಹಂದಿ ವಿಜ್ಞಾನದ ಲೆಕ್ಕದಲ್ಲಿ ಒಂದೇ ಜಾತಿಯ ಪ್ರಾಣಿ. ಕಾಡಿನದನ್ನು ಸಾಕಿ ಸಾಕಿಯೇ ಊರಿನ ಹಂದಿ ಆದದ್ದು. ಹಾಗಾಗಿ ಯಾವ ಜಾತಿ ಅಂತ ಮಾತ್ರ ಹೇಳುವ ಮಾಮೂಲಿ ಪರೀಕ್ಷೆ "ಹಂದಿ" ಅನ್ನಬಲ್ಲದು, "ಕಾಡಿನದು" ಅನ್ನಲು ಇನ್ನೂ ಸೂಕ್ಷ್ಮವಾದ ಪರೀಕ್ಷೆ ಬೇಕು. ಭಾನುವಾರ ಪೇಟೆಯಲ್ಲಿ ಹಂದಿ ಮಾಂಸ ಕೊಂಡವನು ಇದನ್ನೆಲ್ಲ ಯಾರಿಗೆ ವಿವರಿಸಬೇಕು? ಅಂಗಡಿಯವನು ಬಿಲ್ ಕೊಡುತ್ತಾನಾ?

ಕಾಡುಕುರಿ ಅಂದೆನಲ್ಲ, ನಾನೇ ವರದಿ ಮಾಡಲು ಹೋಗಿದ್ದ ಒಂದು ಕೇಸು ಹೇಳುತ್ತೇನೆ. ಊರು, ಹೆಸರು ಬೇಡ. ಆತ ಒಂದು ಕಾಲದಲ್ಲಿ ಶಿಕಾರಿ ಮಾಡುತ್ತಿದ್ದವನು, ಅದನ್ನು ಆತನೇ ಒಪ್ಪುತ್ತಾನೆ. ಬಿಟ್ಟು ವರ್ಷಗಳಾಗಿದ್ದವು. ಮನೆಯಲ್ಲಿ ಹಿರಿಯರ ಹಬ್ಬ, ನೆಂಟರು ಬಂದಿದ್ದರು, ಮಾಂಸದಡಿಗೆ. ಯಾರೋ ಫೋನ್ ಮಾಡಿದರು. ಸಿಬ್ಬಂದಿ ಬಂದು ಫ್ರಿಜ್ಜಿನಲ್ಲಿದ್ದ ಮಾಂಸ, ಗೋಡೆಗೆ ನೇತುಹಾಕಿದ್ದ ಲೈಸೆನ್ಸ್ ಇದ್ದ ಕೋವಿ ಎರಡನ್ನೂ ತೆಗೆದುಕೊಂಡು ಹೋದರು. ಮರುದಿನ ಕೋವಿ ಮತ್ತು ಮಾಂಸದ ಪೊಟ್ಟಣದ ಹಿಂದೆ ಆತನನ್ನು ನಿಲ್ಲಿಸಿ ತೆಗೆದ ಫೋಟೊ ಎಲ್ಲ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಿತು. ಆತನ ಮಗಳಿಗೆ ಗೊತ್ತು ಮಾಡಿದ್ದ ಸಂಬಂಧದವರು "ಸ್ವಲ್ಪ ದಿನ ನೋಡೋಣ" ಅಂದರು. ಪ್ರಯೋಗಾಲಯದ ವರದಿ ಬರಲು ವರ್ಷದ ಮೇಲಾಯಿತು. ವರದಿಯಲ್ಲಿ ಇದ್ದದ್ದು ಒಂದೇ ಪದ, ಮೇಕೆ. ಆ ಹೊತ್ತಿಗೆ ಮಗಳ ಸಂಬಂಧ ಮುರಿದುಹೋಗಿತ್ತು. ಫೋನ್ ಮಾಡಿದ್ದು ಯಾರು ಅಂತ ಊರಿಗೆಲ್ಲ ಗೊತ್ತು. ಆತ ಈಗಲೂ ದೇವಸ್ಥಾನದ ಸಮಿತಿಯಲ್ಲಿ ಇದ್ದಾನೆ.

ಇದನ್ನು ಓದಿ ಇಲಾಖೆಯವರು ಸುಳ್ಳು ದೂರಿನ ತಪ್ಪು ನಮ್ಮದಲ್ಲ ಅನ್ನಬಹುದು. ಎಷ್ಟೋ ಸಲ ಅವರೂ ಮೋಸ ಹೋದವರೇ, ನಿಜ. ಆದರೆ ಯಾವಾಗಲೂ ಅಲ್ಲ. ಕೇರಳದ ಇಡುಕ್ಕಿ ಜಿಲ್ಲೆಯ ಕಿಳುಕಾನಂನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಒಬ್ಬ ಆದಿವಾಸಿ ಯುವಕನನ್ನು ಆಟೊದಲ್ಲಿ ಕಾಡುಪ್ರಾಣಿ ಮಾಂಸ ಸಾಗಿಸುತ್ತಿದ್ದ ಅಂತ ಅರಣ್ಯ ಸಿಬ್ಬಂದಿ ಹಿಡಿದರು, ಜೈಲಿಗೆ ಕಳಿಸಿದರು. ಜನ ಬೀದಿಗಿಳಿದರು. ಇಲಾಖೆಯ ತನಿಖೆಯಲ್ಲೇ ಕೇಸು ಕಟ್ಟಿದ್ದು ಅಂತ ಬಯಲಾಯಿತು, ಅಧಿಕಾರಿಗಳು ಅಮಾನತಾದರು, ಅವರ ಮೇಲೆ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸಾಯಿತು. ಅದರ ಮುಂದಿನ ತಿಂಗಳೇ, ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಜಿಂಕೆ ಮಾಂಸದ ಆರೋಪದ ಮೇಲೆ ಅರಣ್ಯ ಇಲಾಖೆಯವರು ಕರೆದೊಯ್ದ ಹಾಡಿಯ ಒಬ್ಬ ಆದಿವಾಸಿ ಜೀವಂತ ವಾಪಸ್ ಬರಲಿಲ್ಲ. ಹೊಡೆದು ಸಾಯಿಸಿದರು ಅಂತ ಮನೆಯವರ ಆರೋಪ, ಸಿಬ್ಬಂದಿ ಮೇಲೆ ಕೇಸು ದಾಖಲಾಯಿತು. ಆತನ ಹತ್ತಿರ ಮಾಂಸ ಇತ್ತೋ ಇಲ್ಲವೋ ಅನ್ನುವುದನ್ನು ಆತನ ಎದುರಿಗೆ ಕೋರ್ಟಿನಲ್ಲಿ ಕೇಳುವ ಅವಕಾಶವೇ ಉಳಿಯಲಿಲ್ಲ. ಪಕ್ಕದ ಮನೆಯವನ ಮೇಲೆ ಫೋನ್ ಎತ್ತುವ ಮುನ್ನ ಆ ಜೀಪು ಎಲ್ಲಿಯವರೆಗೆ ಹೋಗಬಲ್ಲದು ಅಂತ ಯೋಚಿಸಿ.

2023ರ ಅಕ್ಟೋಬರ್ ನೆನಪಿದೆಯಾ? ಬಿಗ್ ಬಾಸ್ ಮನೆಯೊಳಗಿದ್ದ ಸ್ಪರ್ಧಿಯನ್ನು ಹುಲಿ ಉಗುರಿನ ಲಾಕೆಟ್ ಹಾಕಿದ್ದಕ್ಕೆ ಅರಣ್ಯ ಇಲಾಖೆ ಬಂಧಿಸಿತು. ಅದಾದ ಮೇಲೆ ವಾರವಿಡೀ ಹಳೇ ಫೋಟೊ ಹುಡುಕುವುದೇ ರಾಜ್ಯದ ಕೆಲಸವಾಯಿತು. ಯಾವ ನಟನ ಕೊರಳಲ್ಲಿದೆ, ಯಾವ ರಾಜಕಾರಣಿಯ ಮಗನ ಮದುವೆ ಫೋಟೊದಲ್ಲಿದೆ, ಯಾವ ಸ್ವಾಮೀಜಿ ಹಾಕಿದ್ದಾರೆ. ದೂರಿನ ಮೇಲೆ ದೂರು. ಕೆಲವರು ನಮ್ಮದು ನಕಲಿ ಉಗುರು ಅಂದರು, ಇಲಾಖೆ ಪರೀಕ್ಷೆಗೆ ಕಳಿಸಿತು. ಅವರ ಬಾಗಿಲಿಗೆ ಅಧಿಕಾರಿಗಳು ಹೋದಾಗ ವಕೀಲರು ಇದ್ದರು, ಟಿವಿ ಕ್ಯಾಮೆರಾ ಇತ್ತು, ಲಾಕೆಟ್ ಬಿಚ್ಚಿಕೊಟ್ಟು ಕಳಿಸಿದರು. ಅದೇ ಪರೀಕ್ಷೆಯ ಅವಕಾಶ ಕಾಫಿ ತೋಟದ ಲೈನ್ ಮನೆಯಲ್ಲಿರುವವನಿಗೂ ಸಿಗಬೇಕಲ್ಲವೇ? ಅವನಿಗೆ ಸಿಗುವುದು ಖಾಲಿ ಕಾಗದದ ಮೇಲೆ ಸಹಿ.

ಆ ಸಹಿಯ ಬಗ್ಗೆ ಎರಡು ಮಾತು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಅಂತ ಸಿನಿಮಾ ನೋಡಿ ಎಲ್ಲರಿಗೂ ಗೊತ್ತು. ಅರಣ್ಯ ಅಧಿಕಾರಿಯ ಮುಂದೆಯೂ ಹಾಗೇ ಅಂದುಕೊಂಡರೆ ಕೆಟ್ಟಿರಿ. ವನ್ಯಜೀವಿ ಕಾಯ್ದೆಯ 50ನೇ ಕಲಮಿನ ಪ್ರಕಾರ ಎಸಿಎಫ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಆರೋಪಿಯ ಎದುರಿನಲ್ಲಿ ದಾಖಲಿಸಿಕೊಂಡ ಸಾಕ್ಷ್ಯ ಮುಂದೆ ವಿಚಾರಣೆಯಲ್ಲಿ ನಡೆಯುತ್ತದೆ. "ಒಂದು ಸಹಿ ಹಾಕು, ದಂಡ ಕಟ್ಟು, ಮುಗಿಸಿ ಕಳಿಸ್ತೀವಿ" ಅನ್ನುವ ಮಾತನ್ನು ನಂಬಿ ಹಾಕಬೇಡಿ. ಮುಗಿಸುವುದಕ್ಕೆ 54ನೇ ಕಲಂ ಇದೆ ನಿಜ, ದಂಡ ಕಟ್ಟಿಸಿಕೊಂಡು ರಾಜಿ ಮಾಡುವುದು. ಆ ರಾಜಿ ಮೊತ್ತದ ಮಿತಿ ಮೊದಲು 25 ಸಾವಿರ ಇತ್ತು, ತಿದ್ದುಪಡಿಯಾದ ಮೇಲೆ 5 ಲಕ್ಷ. ಮಾಡದ ತಪ್ಪಿಗೆ ಅಡಿಕೆ ಮಾರಿ ದಂಡ ಕಟ್ಟಿದವರು ನಮ್ಮ ನಡುವೆ ಇದ್ದಾರೆ. "ಕೋರ್ಟಿಗೆ ಅಲೆಯೋದಕ್ಕಿಂತ ಮೇಲು" ಅನ್ನುತ್ತಾರೆ. ಅವರನ್ನು ನಾನು ಬೈಯಲಾರೆ.

ಸುಳ್ಳು ದೂರು ಕೊಟ್ಟವನಿಗೆ ಏನೂ ಆಗುವುದಿಲ್ಲ ಅನ್ನುವುದು ಊರ ನಂಬಿಕೆ. ಕಾನೂನು ಹಾಗೆ ಹೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ನೋಡಿ. ಇನ್ನೊಬ್ಬನಿಗೆ ತೊಂದರೆ ಕೊಡಿಸಲು ಸರ್ಕಾರಿ ನೌಕರನಿಗೆ ಸುಳ್ಳು ಅಂತ ಗೊತ್ತಿದ್ದೂ ಮಾಹಿತಿ ಕೊಟ್ಟರೆ ಒಂದು ವರ್ಷದವರೆಗೆ ಜೈಲು, 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಹಾನಿ ಮಾಡುವ ಉದ್ದೇಶದಿಂದ ಸುಳ್ಳು ಅಪರಾಧ ಹೊರಿಸಿದರೆ 248ನೇ ಕಲಂ, 5 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ವನ್ಯಜೀವಿ ಕಾಯ್ದೆಯ ಒಳಗೇ 53ನೇ ಕಲಂ ಇದೆ. ಶೋಧದ ನೆಪದಲ್ಲಿ ಕಿರುಕುಳ ಕೊಡಲು ಸುಮ್ಮನೆ ಜಪ್ತಿ ಮಾಡಿದ ಅಧಿಕಾರಿಗೆ 6 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ. 500 ರೂಪಾಯಿ! ನಿಮ್ಮ ರಾಜಿ ದಂಡ 5 ಲಕ್ಷಕ್ಕೆ ಏರಿದಾಗ ಇದನ್ನು ಯಾರೂ ಏರಿಸಲಿಲ್ಲ. ಆದರೂ ಜೈಲಿನ ಮಾತು ಅಲ್ಲಿದೆ. ಈ ಕಲಮುಗಳು ಬಳಕೆಯಾದದ್ದನ್ನು ನನ್ನ ತಾಲ್ಲೂಕಿನಲ್ಲಿ ಕಾಣಲಿಲ್ಲ.

ಯಾಕೆ ಬಳಕೆಯಾಗುವುದಿಲ್ಲ ಅಂದರೆ ದೂರು ಕೊಟ್ಟವನ ಹೆಸರು ಎಲ್ಲೂ ಇರುವುದಿಲ್ಲ. "ಖಚಿತ ಮಾಹಿತಿ ಮೇರೆಗೆ" ಅಂತ ಬರೆಯುತ್ತಾರೆ. ಮಾಹಿತಿ ಕೊಟ್ಟವರ ಹೆಸರು ಬಹಿರಂಗ ಮಾಡಿ ಅಂತ ನಾನು ಕೇಳುತ್ತಿಲ್ಲ. ಉರುಳು ಹಾಕುವ ಗ್ಯಾಂಗಿನ ಬಗ್ಗೆ 1926ಕ್ಕೆ ಫೋನ್ ಮಾಡುವ ಬಡವನ ಜೀವಕ್ಕೆ ರಕ್ಷಣೆ ಬೇಕು, ಅವನ ಹೆಸರು ಹೊರಗೆ ಬರಲೇಬಾರದು. ಆದರೆ ಅಧಿಕಾರಿಯ ಕಡತದಲ್ಲಾದರೂ ಆ ನಂಬರು ಇರಲಿ. ಒಂದೇ ನಂಬರಿನಿಂದ ಒಂದೇ ಮನೆಯ ಮೇಲೆ ಮೂರನೇ ಸಲ ದೂರು ಬಂದು, ಮೂರು ಸಲವೂ ಏನೂ ಸಿಗದಿದ್ದರೆ, ನಾಲ್ಕನೇ ಸಲ ಜೀಪು ಯಾರ ಮನೆಗೆ ಹೋಗಬೇಕು? ಇದಕ್ಕೆ ಹೊಸ ಕಾಯ್ದೆ ಬೇಕಾ? ಒಂದು ನೋಟ್‌ಬುಕ್ ಸಾಕು. ಮೇಲಾಗಿ ಕೇಸಿಗೆ ನೆರವಾದವರಿಗೆ ಬಹುಮಾನ ಕೊಡುವ ಅವಕಾಶ ಕಾಯ್ದೆಯಲ್ಲೇ ಇದೆ. ಬಹುಮಾನ ಇರುವ ಕಡೆ ಲೆಕ್ಕವೂ ಇರಬೇಕು.

"ಹೀಗೆಲ್ಲ ಬರೆದರೆ ಜನ ದೂರು ಕೊಡುವುದನ್ನೇ ಬಿಡುತ್ತಾರೆ, ಕಳ್ಳಬೇಟೆ ಹೆಚ್ಚುತ್ತದೆ" ಅಂತ ಒಬ್ಬ ಪರಿಸರವಾದಿ ಗೆಳೆಯ ನನಗೆ ಹೇಳಿದ. ನನ್ನ ಅನುಭವ ಇದಕ್ಕೆ ತಿರುಗುಮುರುಗು. ಸುಳ್ಳು ಕೇಸು ನೋಡಿದ ಊರಿನಲ್ಲಿ ಇಲಾಖೆಗೆ ಒಂದು ಲೋಟ ನೀರು ಕೊಡುವವರೂ ಸಿಗುವುದಿಲ್ಲ. ಆನೆ ಬಂದಿದೆ ಅಂತ ಹೇಳುವವರಿಲ್ಲ, ಉರುಳು ಕಂಡರೆ ತೋರಿಸುವವರಿಲ್ಲ, ಪಂಚರಾಗಿ ಸಹಿ ಹಾಕಲು ಜನ ಇಲ್ಲ. ಕೊನೆಗೆ ಇಲಾಖೆಯ ದಿನಗೂಲಿ ವಾಚರನ್ನೇ ಪಂಚನನ್ನಾಗಿ ಮಾಡುತ್ತಾರೆ, ಕೋರ್ಟಿನಲ್ಲಿ ವಕೀಲರು ಅದನ್ನೇ ಹಿಡಿದು ನಿಜವಾದ ಕಳ್ಳನನ್ನೂ ಬಿಡಿಸಿಕೊಂಡು ಹೋಗುತ್ತಾರೆ. ಕಾಡಿಗೆ ಇದರಿಂದ ಏನು ಲಾಭವಾಯಿತು ಅಂತ ಆ ಗೆಳೆಯನನ್ನು ಕೇಳಿದೆ. ಚಹಾ ಕುಡಿದು ಹೋದ.

ಹಾಗಾದರೆ ಜೀಪು ನಿಮ್ಮ ಅಂಗಳಕ್ಕೆ ಬಂದಾಗ? ಓಡಬೇಡಿ. ಓಡಿದವನೇ "ತಪ್ಪಿಸಿಕೊಂಡ ಆರೋಪಿ". ಅಕ್ಕಪಕ್ಕದವರನ್ನು, ಸಾಧ್ಯವಾದರೆ ಪಂಚಾಯಿತಿ ಸದಸ್ಯರನ್ನು ಕೂಗಿ ಕರೆಯಿರಿ. ಬಂದವರ ಹೆಸರು, ಹುದ್ದೆ ಕೇಳಿ. ಮನೆಯ ಹುಡುಗರ ಕೈಯಲ್ಲಿ ಫೋನ್ ಇದೆಯಲ್ಲ, ಜೀಪು ನಿಂತ ಕ್ಷಣದಿಂದ ವಿಡಿಯೊ ಮಾಡಲಿ, ಯಾರ ಕೈಯಲ್ಲಿ ಯಾವ ಚೀಲ ಒಳಗೆ ಹೋಯಿತು, ಯಾವುದು ಹೊರಗೆ ಬಂತು ಅನ್ನುವುದು ಕಾಣಲಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ, ಜಪ್ತಿಯನ್ನು ವಿಡಿಯೊ ಮಾಡಬೇಕು ಅಂತ ಪೊಲೀಸರಿಗೇ ಹೇಳಿದೆ. ಅರಣ್ಯ ಸಿಬ್ಬಂದಿ ಅದನ್ನು ಪಾಲಿಸಿದರೆ ಅವರಿಗೇ ಒಳ್ಳೆಯದು. ಮಹಜರನ್ನು ಪೂರ್ತಿ ಓದಿಸಿ ಕೇಳಿ, ಮಾಂಸದ ತುಣುಕನ್ನು ನಿಮ್ಮ ಕಣ್ಣೆದುರೇ ಸೀಲ್ ಮಾಡಿಸಿ, ತೂಕ ಬರೆಸಿ, ಪ್ರತಿ ಕೇಳಿ. ಬಂಧಿಸಿದರೆ ತಡಮಾಡದೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಅಲ್ಲಿ ಹೊಡೆದಿದ್ದರೆ ಹೊಡೆದರು ಅಂತ ಬಾಯಿಬಿಟ್ಟು ಹೇಳಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಫೋನ್ 15100. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ನೋಡದೆ ಉಚಿತ.

ಕೊನೆಗೆ ನಮ್ಮ ಕಸುಬಿನವರಿಗೆ ಒಂದು ಮಾತು. ರೇಂಜ್ ಆಫೀಸಿನಿಂದ ಫೋಟೊ ಬರುತ್ತದೆ, ಹತ್ತು ನಿಮಿಷದಲ್ಲಿ "ಕಾಡುಪ್ರಾಣಿ ಬೇಟೆ: ಆರೋಪಿ ಸೆರೆ" ಅಂತ ಸುದ್ದಿಯಾಗುತ್ತದೆ. ಆರೋಪಿ ಅಂತ ಬರೆದು ಕೈ ತೊಳೆದುಕೊಳ್ಳುತ್ತೇವೆ, ಓದುವವರು ಕಳ್ಳ ಅಂತಲೇ ಓದುತ್ತಾರೆ. ಪ್ರಯೋಗಾಲಯದ ವರದಿ ಬಾರದೆ "ಜಿಂಕೆ ಮಾಂಸ" ಅಂತ ಯಾಕೆ ಬರೆಯುತ್ತೀರಿ? "ಜಿಂಕೆಯದು ಎನ್ನಲಾದ" ಅಂತ ಸೇರಿಸಲು ಎಷ್ಟು ಜಾಗ ಬೇಕು? ಮುಖ ಮಸುಕು ಮಾಡಲು ಎಷ್ಟು ಹೊತ್ತು ಬೇಕು? ಆ ಮೇಕೆಯ ಕೇಸಿನ ಮೊದಲ ದಿನದ ಫೋಟೊ ಹಾಕಿದ ಐದು ಕಡೆ ನಾನು ಹುಡುಕಿದೆ. ವರದಿ ಬಂದದ್ದನ್ನು ಒಬ್ಬರೂ ಹಾಕಿರಲಿಲ್ಲ.

ನಿಮ್ಮ ಮನೆಯಲ್ಲಿ ಅಂಥ ವರದಿಯ ಪ್ರತಿ ಇದ್ದರೆ, ಕೋರ್ಟು ಬಿಟ್ಟ ಆದೇಶ ಇದ್ದರೆ, ನಮಗೆ ಕಳಿಸಿ. ನಿಮ್ಮ ಫೋಟೊ ಬೇಡ. ಕಾಗದವನ್ನು ಅವತ್ತಿನ ಸುದ್ದಿಯಷ್ಟೇ ದೊಡ್ಡದಾಗಿ ಹಾಕುತ್ತೇವೆ.